ಉಗುರಿನ ಕೆಮ್ಮಣ್ಣು

ಎಲ್ಲರಿಗೂ ನಮಸ್ಕಾರ. ಮೊದಲನೇ ನಮಸ್ಕಾರ ಈ ಫೋಟೋದಲ್ಲಿರೋ ನಮ್ಮ ಮಧುಕರ್ ಸಾರ್‌ಗೆ. ಆಮೇಲೆ ಅನಸೂಯಮ್ಮನವರಿಗೆ, ಮಗಳು ಚಿನ್ಮಯಿಗೆ, ನಿವೃತ್ತ ನೌಕರರ ಸಂಘದ ಹಿರಿಯರಿಗೆ. ವಿಮಾನಪುರದಿಂದ, ಕೆ.ಆರ್. ಪುರದಿಂದ, ಆ ಟ್ರಾಫಿಕ್ಕಲ್ಲಿ ಸಿಕ್ಕಿ ಬೆವರಿ ಈ ಕಗ್ಗದಾಸಪುರದ ಹಾಲ್ ಹುಡುಕಿಕೊಂಡು ಬಂದಿರೋ ನಮ್ಮ ಫ್ಯಾಕ್ಟರಿಯ ಹಳೇ ಶಾಪಿನವರಿಗೆ. ಕೊನೇ ಸಾಲಲ್ಲಿ ಕೂತಿರೋ ಶಿವಾಜಿನಗರದ ಮುದಸ್ಸಿರ್ ಭಾಯ್‌ಗೆ — ಮುಂದೆ ಬನ್ನಿ ಭಾಯ್, ಇಲ್ಲಿ ಕುರ್ಚಿ ಖಾಲಿ ಇದೆ. ಬರಲ್ವಾ? ಸರಿ, ಅಲ್ಲೇ ಇರಿ. ಯಾಕೆ ಬರಲ್ಲ ಅಂತ ನನಗೆ ಗೊತ್ತು.

ನನ್ನ ಹೆಸರು ಭೀಮೇಶ್. ಫಿಟ್ಟರ್. ರಿಟೈರಾಗಿ ಆರು ವರ್ಷ ಆಯ್ತು, ಆದ್ರೂ ಹೆಸರಿನ ಹಿಂದೇನೇ ಫಿಟ್ಟರ್ ಅಂತ ಬಂದ್ಬಿಡುತ್ತೆ. ಮಧುಕರ್ ಸಾರ್ ನಮ್ಮ ಶಾಪಿಗೆ ಇನ್ಸ್‌ಪೆಕ್ಟರು. ನಾನು ಮಾಡಿದ್ದನ್ನ ಅವರು ನೋಡೋದು, ಅವರು ನೋಡೋವರೆಗೂ ನಾನು ಕಾಯೋದು. ಇಪ್ಪತ್ತೇಳು ವರ್ಷ ಇದೇ ಸಂಸಾರ.

ನನ್ನ ಕೈಗೆ ಮೈಕ್ ಕೊಡೋದು ಅಂದ್ರೆ ಸಂಘದವರಿಗೆ ಭಯ. ಕಾರ್ಯದರ್ಶಿಗಳು ಆಗಲೇ ಕಿವಿಯಲ್ಲಿ ಹೇಳಿದ್ರು — "ಭೀಮೇಶಣ್ಣ, ಐದೇ ನಿಮಿಷ. ನಿಮ್ಮ ಪ್ರತಾಪ ಬೇಡ, ಸಾರ್ ಬಗ್ಗೆ ಹೇಳಿ." ಪ್ರತಾಪ ಇವತ್ತು ಮನೇಲೇ ಬಿಟ್ಟು ಬಂದಿದೀನಿ ಸ್ವಾಮಿ. ಆದ್ರೆ ಐದು ನಿಮಿಷದಲ್ಲಿ ಆಗಲ್ಲ. ಒಂದು ವಿಷಯ ಇದೆ. ಅದನ್ನ ಹೇಳದೆ ನಾನು ಇಲ್ಲಿಂದ ಇಳಿಯಲ್ಲ. ಮಧ್ಯೆ ದಾರಿ ತಪ್ತೀನಿ, ಅದು ನನ್ನ ಚಾಳಿ. ತಪ್ಪಿದಾಗ ಯಾರಾದ್ರೂ ಒಬ್ರು "ವಿಷಯಕ್ಕೆ ಬಾರಯ್ಯ" ಅನ್ನಿ.

ಈಗ ತಾನೇ ಚಿನ್ಮಯಿ ಮಾತಾಡಿದ್ಲು. ಎಷ್ಟು ಚೆನ್ನಾಗಿ ಮಾತಾಡಿದ್ಲು! "ಅಪ್ಪ ಆಸ್ಪತ್ರೆಯಲ್ಲಿದ್ದ ಹತ್ತೊಂಬತ್ತು ದಿನವೂ ಭೀಮೇಶಂಕಲ್ ಅವರ ಗಿಡಗಳನ್ನ ಮಕ್ಕಳ ಥರ ನೋಡ್ಕೊಂಡ್ರು. ಅಪ್ಪನಿಗೆ ಪ್ರಾಣವಾಗಿದ್ದ ನಲವತ್ತೊಂದನೇ ಗಿಡವನ್ನ ಇವತ್ತು ಅವರ ಕೈಗೇ ಕೊಡ್ತೀವಿ" ಅಂದ್ಲು. ನೀವೆಲ್ಲ ಚಪ್ಪಾಳೆಗೆ ಕೈ ಎತ್ತಿ, ಸಾವಿನ ಸಭೆ ಅಂತ ನೆನಪಾಗಿ, ಇಳಿಸಿಬಿಟ್ರಿ. ಒಳ್ಳೇದಾಯ್ತು. ಆ ಚಪ್ಪಾಳೆ ಬಿದ್ದಿದ್ರೆ ನನಗೆ ಈ ಮೆಟ್ಟಿಲು ಹತ್ತೋಕೆ ಆಗ್ತಿರಲಿಲ್ಲ.

ನೋಡಿ, ಫೋಟೋ ಪಕ್ಕದಲ್ಲಿದೆ ಆ ಗಿಡ. ಹೂವಿನ ಹಾರಕ್ಕಿಂತ ಚೆಂದ ಕಾಣ್ತಿದೆ. ಅಂಗೈಯಗಲದ ಎಲೆ, ಕಪ್ಪು ಹಸಿರು, ಮುಟ್ಟಿದ್ರೆ ವೆಲ್ವೆಟ್ಟು, ಅದರ ಮೇಲೆ ಬೆಳ್ಳಿ ತಂತಿ ಎಳೆದ ಹಾಗೆ ನರಗಳು. ಕುತ್ತಿಗೆಗೆ ಒಂದು ಟ್ಯಾಗ್. ಟ್ಯಾಗ್ ಮೇಲೆ ಸಾರ್ ಕೈಬರಹ — ನಲವತ್ತೊಂದು. ಒಳಗೆ ಬರ್ತಾ ನೀವೆಲ್ಲ ಫೋಟೋಗೆ ಹೂ ಹಾಕಿ, ಇದಕ್ಕೂ ಒಂದು ನಮಸ್ಕಾರ ಹಾಕಿದ್ರಿ. ನಾನು ಬಾಗಿಲ ಹತ್ರ ನಿಂತು ಎಣಿಸ್ತಿದ್ದೆ.

ಗೊತ್ತಿಲ್ಲದವರಿಗೆ ಹೇಳ್ಬೇಕು. ಸಾರ್ ಮನೆ ಇಲ್ಲೇ ಎರಡನೇ ಕ್ರಾಸು. ಮೇಲೆ ಟೆರೇಸು. ಅಲ್ಲಿ ಹಸಿರು ಬಲೆ ಕಟ್ಟಿ, ಅದರ ಕೆಳಗೆ ನೂರಾ ಹದಿನೆಂಟು ಕುಂಡ. ಗುಲಾಬಿ ಇಲ್ಲ, ಮಲ್ಲಿಗೆ ಇಲ್ಲ. ತುಳಸಿ ಒಂದಿದೆ, ಅದೂ ಅನಸೂಯಮ್ಮ ಜಗಳ ಆಡಿ ಇಟ್ಟಿದ್ದು. ಮಿಕ್ಕಿದ್ದೆಲ್ಲ ಎಲೆ. ಆನೆ ಕಿವಿಯಂಥ ಎಲೆ, ಇಲಿ ಕಡಿದ ಹಾಗೆ ತೂತು ಬಿದ್ದ ಎಲೆ, ಬಾಣದ ತುದಿಯಂಥ ಎಲೆ. ಮಾನ್‌ಸ್ಟೆರಾ, ಫಿಲೋಡೆಂಡ್ರಾನ್, ಆಂಥೂರಿಯಂ — ಸಾರ್ ಬಾಯಲ್ಲಿ ಮಂತ್ರದ ಹಾಗೆ ಬರ್ತಿತ್ತು, ನನ್ನ ನಾಲಿಗೆಗೆ ಸಿಕ್ಕಿಹಾಕ್ಕೊಳ್ತಿತ್ತು. ದೂರದ ಮಳೆಕಾಡಿನ ಗಿಡಗಳಂತೆ. ಸೆಕೆ ಬೇಕು, ತೇವ ಬೇಕು, ನೆರಳು ಬೇಕು. ಬೇಸಿಗೆಯಲ್ಲಿ ಬಿಸಿಲು ಜಾಸ್ತಿ ಆದ್ರೆ ಅರ್ಧ ಗಿಡ ಸ್ನಾನದ ಮನೆಗೆ ಹೋಗ್ತಿದ್ವು. ಅನಸೂಯಮ್ಮ ಬಕೆಟ್ ಹಿಡ್ಕೊಂಡು ಹೊರಗೆ ಕಾಯ್ತಿದ್ರು. "ನನಗೊಂದು ಟ್ಯಾಗ್ ಹಾಕ್ರೀ, ಆಗಲಾದ್ರೂ ಒಳಗೆ ಬಿಡ್ತೀರೇನೋ" ಅಂತಿದ್ರು. ಅಲ್ವೇನಮ್ಮಾ?

ಮೊದಲ ಸಲ ಆ ಟೆರೇಸಿಗೆ ಹೋದಾಗ ನಾನು ಸುತ್ತ ನೋಡಿ ನಕ್ಕುಬಿಟ್ಟೆ. "ಸಾರ್, ಇದೇನ್ ಸಾರ್, ಎಲ್ಲ ಕೆಸು! ನಮ್ಮೂರ ಚರಂಡಿ ಪಕ್ಕ ಬೆಳೆಯುತ್ತೆ" ಅಂದೆ. ಸಾರ್‌ಗೆ ಬೇಜಾರಾಗಲಿಲ್ಲ. "ಸರಿಯಾಗೇ ಹೇಳ್ದೆ ಕಣಯ್ಯ. ಎಲ್ಲ ಕೆಸುವಿನ ವಂಶವೇ. ಸುವರ್ಣಗಡ್ಡೆನೂ ಇದೇ ಮನೆತನ, ನಿಮ್ಮನೆ ಬಾಟ್ಲಲ್ಲಿರೋ ಮನಿಪ್ಲಾಂಟೂ ಇದೇ ಮನೆತನ" ಅಂದ್ರು. ಅಷ್ಟು ಸಾಕಾಯ್ತು ನನಗೆ! ನಾನು ಚಿಂತಾಮಣಿ ಕಡೆಯವನು. ಒಂದೇ ಕೋಣೆ, ಒಬ್ಬರೇ ಮೇಷ್ಟ್ರು ಇದ್ದ ಶಾಲೆಯಲ್ಲಿ ಓದಿದೋನು. ಮೇಷ್ಟ್ರು ಪಾಠಕ್ಕಿಂತ ಜಾಸ್ತಿ ಅವರ ತೋಟದ ಕೆಲಸ ಕಲಿಸಿದ್ರು. "ಕೆಸು ನನಗೆ ಹೇಳಿಕೊಡ್ತೀರಾ ಸಾರ್? ನನ್ನ ಕೈಗುಣ ನಿಮಗೆ ಗೊತ್ತಿಲ್ಲ. ನಾನು ಒಣಗಿದ ಗೂಟ ನೆಟ್ರೂ ಚಿಗುರುತ್ತೆ" ಅಂದೆ. ಅಂದು ಸುಮ್ಮನಿರಬಾರದಾ? ಕೆಸು ಅಂತ ಸಾಬೀತು ಮಾಡೋಕೆ, ಅಲ್ಲಿದ್ದ ಒಂದು ಗಿಡದ ಎಳೇ ದಂಟು ಮುರಿದು, ಹೀಗೆ — ಬಾಯಿಗೆ ಹಾಕ್ಕೊಂಡೆ.

ನಾಲಿಗೆ ಬನ್ ಥರ ಊದಿಕೊಳ್ತು. ಸಾವಿರ ಸೂಜಿ ಒಟ್ಟಿಗೆ ಚುಚ್ಚಿದ ಹಾಗೆ. ಎರಡು ದಿನ ನನ್ನ ಬಾಯಿಂದ ಮಾತು ಹೊರಡಲಿಲ್ಲ. ಮೂರನೇ ದಿನ ಶಾಪಲ್ಲಿ ಎಲ್ಲರ ಮುಂದೆ ಸಾರ್ ಹೇಳಿದ್ರು — "ಆ ಗಿಡಕ್ಕೆ ಹಸಿರು ಟ್ಯಾಗ್ ಹಾಕಿದೀನಿ. ಭೀಮೇಶನ ಬಾಯಿ ಮುಚ್ಚಿಸಿದ ಏಕೈಕ ವಸ್ತು."

ನಗಿ, ನಗಿ. ಪರವಾಗಿಲ್ಲ. ಇದು ಕೊನೇ ನಗು ಅಂತ ಇಟ್ಕೊಳ್ಳಿ.

ಆ ಟ್ಯಾಗ್ ಅಂದ್ರೆ ಏನು ಅಂತ ಶಾಪಿನವರಿಗೆ ಗೊತ್ತು, ಮಿಕ್ಕವರಿಗೆ ಹೇಳ್ತೀನಿ. ನಾವು ಮಾಡೋ ಒಂದೊಂದು ಪಾರ್ಟಿಗೂ ಜಾಬ್ ಅಂತೀವಿ. ಜಾಬ್ ಮುಗಿಸಿ ಇನ್ಸ್‌ಪೆಕ್ಟರ್ ಟೇಬಲ್ ಮೇಲೆ ಇಡ್ಬೇಕು. ಸರಿ ಇದ್ರೆ ಹಸಿರು ಟ್ಯಾಗು, ಅನುಮಾನ ಇದ್ರೆ ಹಳದಿ, ಕೆಲಸಕ್ಕೆ ಬರಲ್ಲ ಅಂದ್ರೆ ಕೆಂಪು. ಮಧುಕರ್ ಸಾರ್ ಅಳತೆ ಎಲ್ಲ ನೋಡಿ, ಕನ್ನಡಕ ತೆಗೆದು, ಸ್ಟ್ಯಾಂಪ್ ಕೈಗೆ ತಗೊಂಡು, ಅದನ್ನ ಗಾಳಿಯಲ್ಲೇ ಹಿಡಿದು ಒಂದು ಪ್ರಶ್ನೆ ಕೇಳ್ತಿದ್ರು. ಎಲ್ಲರಿಗೂ, ಪ್ರತಿ ಸಲ, ಒಂದೇ ಪ್ರಶ್ನೆ.

"ಇನ್ನೇನಾದ್ರೂ ಇದೆಯಾ?"

ನನ್ನ ಉತ್ತರವೂ ಒಂದೇ. "ಏನಿಲ್ಲ ಸಾರ್, ಫಸ್ಟ್ ಕ್ಲಾಸ್." ಆಮೇಲೆ ಸ್ಟ್ಯಾಂಪ್ ಬೀಳೋದು — ಟಕ್. ಆ ಶಬ್ದ ಕೇಳಿದ ಮೇಲೇನೇ ನಾನು ಟೀ ಕುಡಿಯೋಕೆ ಹೋಗ್ತಿದ್ದಿದ್ದು.

ಒಂದು ಸಲ, ನಾನು ಸೇರಿದ ಹೊಸದರಲ್ಲಿ, ಒಂದು ತೂತು ಕೂದಲೆಳೆಯಷ್ಟು ದೊಡ್ಡದಾಗಿ ಕೊರೆದುಬಿಟ್ಟೆ. ಅಂಚು ಉಜ್ಜಿ, ಎಣ್ಣೆ ಸವರಿ, ಯಾರಿಗೂ ಕಾಣದ ಹಾಗೆ ಮಾಡಿ ತಂದಿಟ್ಟೆ. ಇವನ್ನೆಲ್ಲ ಮಾಡೋದ್ರಲ್ಲಿ ನಾನು ಜಾಣ. ಸಾರ್ ಕೇಳಿದ್ರು, ಇನ್ನೇನಾದ್ರೂ ಇದೆಯಾ. ಏನಿಲ್ಲ ಸಾರ್, ಫಸ್ಟ್ ಕ್ಲಾಸ್. ಅವರು ಸ್ಟ್ಯಾಂಪ್ ಕೆಳಗಿಟ್ರು. ಕಿರುಬೆರಳಿನ ಉಗುರನ್ನ ಆ ತೂತಿನ ಒಳಗೆ ಒಂದು ಸುತ್ತು ಆಡಿಸಿದ್ರು. ಕೆಂಪು ಟ್ಯಾಗ್ ಕಟ್ಟಿದ್ರು. ನಾನು ಕಾಲಿಗೆ ಬೀಳೋದೊಂದು ಬಾಕಿ. ಆಗ ಅವರು ಹೇಳಿದ್ದು ನನಗೆ ಈಗಲೂ ಕೇಳಿಸುತ್ತೆ.

"ಭೀಮೇಶ್, ನೀನೇ ಬಂದು ತಪ್ಪಾಗಿದೆ ಸಾರ್ ಅಂದಿದ್ರೆ ಅದಕ್ಕೊಂದು ಫಾರಂ ಇದೆ. ಕನ್ಸೆಷನ್ ಅಂತ. ಅಳತೆ ತಪ್ಪಿದೆ, ಆದ್ರೂ ಕೆಲಸಕ್ಕೆ ಬರುತ್ತೆ ಅಂತ ಬರೆದು, ಮೇಲಿನವರನ್ನ ಕೇಳಿ, ಒಪ್ಪಿಸಿಕೊಡ್ತಿದ್ದೆ. ಮುಚ್ಚಿಟ್ಟಿದ್ದಕ್ಕೆ ಫಾರಂ ಇಲ್ಲ ಕಣಯ್ಯ."

ಮುಚ್ಚಿಟ್ಟಿದ್ದಕ್ಕೆ ಫಾರಂ ಇಲ್ಲ. ಈ ಮಾತು ನೆನಪಿಟ್ಕೊಳ್ಳಿ.

ಈಗ ನಲವತ್ತೊಂದರ ಕಥೆ. ಇದು ಕೊಂಡು ತಂದ ಗಿಡ ಅಲ್ಲ. ಸಾರ್ ಅವರೇ ಹುಟ್ಟಿಸಿದ್ದು. ಈ ಜಾತಿಯ ಹೂವು ಹೂವಿನ ಹಾಗೇ ಇರಲ್ಲ. ಒಂದು ಕಡ್ಡಿ, ಹಿಂದೆ ಹಾವಿನ ಹೆಡೆಯಂಥದೊಂದು ಎಲೆ. ಆ ಕಡ್ಡಿ ಮೊದಲು ಹೆಣ್ಣು, ಕೆಲವು ದಿನ ಕಳೆದ ಮೇಲೆ ಅದೇ ಗಂಡು. ಅದಕ್ಕೇ ಒಂದೇ ಗಿಡದಲ್ಲಿ ಬೀಜ ಕಟ್ಟೋದು ಕಷ್ಟ, ಇನ್ನೊಂದು ಗಿಡದ ಹೂವಿನ ಪುಡಿ ಬೇಕು. ಆ ಇನ್ನೊಂದು ಗಿಡ ಇದ್ದಿದ್ದು ಮುದಸ್ಸಿರ್ ಭಾಯ್ ಮನೇಲಿ. ಭಾಯ್‌ಗೆ ಕಮರ್ಷಿಯಲ್ ಸ್ಟ್ರೀಟಲ್ಲಿ ಬಟ್ಟೆ ಅಂಗಡಿ, ಶಿವಾಜಿನಗರದ ಮನೆ ಮಹಡಿ ತುಂಬ ಇವೇ ಗಿಡ. ಇವರಿಬ್ಬರೂ ಎಲೆ ನೋಡ್ತಾ ಕೂತ್ರೆ ಊಟದ ಮೇಲೆ ಜ್ಞಾನ ಇಲ್ಲ. ಭಾಯ್ ಆ ಪುಡಿಯನ್ನ ಕಾಗದದಲ್ಲಿ ಮಡಿಸಿ, ಸ್ಟೀಲ್ ಡಬ್ಬಿಯಲ್ಲಿ ಐಸ್ ಇಟ್ಟು, ಬಸ್ಸಲ್ಲಿ ನಿಂತ್ಕೊಂಡು ತಂದ್ರು. ಸಾರ್ ಬಣ್ಣ ಹಚ್ಚೋ ಕುಂಚದಲ್ಲಿ ಅದನ್ನ ಸವರಿದ್ರು. ಹತ್ತು ತಿಂಗಳು ಕಾದ್ರು. ಹತ್ತು ತಿಂಗಳು! ನಾನು ರೇಗಿಸ್ತಿದ್ದೆ — "ಏನ್ ಸಾರ್, ಬಾಣಂತನಕ್ಕೆ ರೂಮ್ ರೆಡಿ ಮಾಡಿದೀರಾ?"

ಮೂರು ಬೀಜ ಮೊಳೆತವು. ನಲವತ್ತು, ನಲವತ್ತೊಂದು, ನಲವತ್ತೆರಡು. ನಲವತ್ತು ಎಳೇದರಲ್ಲೇ ಒಣಗಿಹೋಯ್ತು. ನಲವತ್ತೆರಡನ್ನ ಮುದಸ್ಸಿರ್ ಭಾಯ್‌ಗೆ ಕೊಟ್ರು. ನಲವತ್ತೊಂದು ಇವರ ಹತ್ರ ಉಳೀತು. ನಾಲ್ಕು ವರ್ಷ ಸಾಕಿದ್ರು. ಎರಡು ತಿಂಗಳಿಗೊಂದು ಎಲೆ ಬಿಟ್ರೆ ಹಬ್ಬ. ಆ ಟ್ಯಾಗ್ ನೋಡಿ, ಹಳದಿ. ಹಸಿರು ಹಾಕಿಲ್ಲ. "ಅದು ಹೂ ಬಿಡ್ಲಿ, ಆಮೇಲೆ ನೋಡೋಣ" ಅಂತಿದ್ರು. ಸ್ವಂತ ಮಗುವಿಗೂ ಸುಲಭವಾಗಿ ಸ್ಟ್ಯಾಂಪ್ ಒತ್ತದ ಮನುಷ್ಯ.

ಈಗ ವಿಷಯಕ್ಕೆ ಬರ್ತೀನಿ. ಯಾರೂ ಹೇಳ್ಬೇಕಾಗಿಲ್ಲ.

ಸಾರ್‌ಗೆ ಶ್ವಾಸಕೋಶದಲ್ಲಿ ನೀರು ತುಂಬಿ ಆಸ್ಪತ್ರೆಗೆ ಸೇರಿಸಿದ ದಿನ, ಸ್ಟ್ರೆಚರ್ ಮೇಲಿಂದಾನೇ ಟೆರೇಸ್ ಬೀಗದ ಕೈ ನನ್ನ ಕೈಗೆ ಕೊಟ್ರು. "ಭೀಮೇಶ್, ಬರೀ ನೀರು. ಎರಡು ದಿನಕ್ಕೊಂದು ಸಲ, ಒಂದೊಂದು ಲೋಟ. ಬೇರೇನೂ ಮಾಡ್ಬೇಡ" ಅಂದ್ರು. ಬೇರೇನೂ ಮಾಡ್ಬೇಡ. ಅನಸೂಯಮ್ಮ, ನೀವೂ ಅಲ್ಲೇ ಇದ್ರಿ.

ಸಂಜೆ ಹೋದೆ. ನಲವತ್ತೊಂದರ ಕುಂಡಕ್ಕೆ ಬೆರಳು ಹಾಕಿ ನೋಡಿದೆ. ಮಣ್ಣೇ ಇಲ್ಲ! ಮರದ ತೊಗಟೆ ಚೂರು, ಇದ್ದಿಲು, ತೆಂಗಿನ ಸಿಪ್ಪೆ. ಪಕ್ಕದ್ದು ನೋಡಿದೆ, ಅಲ್ಲೂ ಇಲ್ಲ. ತುಳಸಿ ಕುಂಡ ಒಂದು ಬಿಟ್ರೆ ಆ ಇಡೀ ಟೆರೇಸಲ್ಲಿ ಒಂದು ಹಿಡಿ ಮಣ್ಣಿಲ್ಲ. ನನ್ನ ಹೊಟ್ಟೆ ಉರಿದುಹೋಯ್ತು. ಇಷ್ಟು ಓದಿರೋ ಮನುಷ್ಯ, ಗಿಡವನ್ನ ಹಸಿವಲ್ಲಿಟ್ಟಿದ್ದಾರಲ್ಲಾ! ಅದಕ್ಕೇ ಎರಡು ತಿಂಗಳಿಗೊಂದು ಎಲೆ ಬಿಡ್ತಿದೆ! ಇರಲಿ, ಸಾರ್ ವಾಪಸ್ ಬರೋಷ್ಟರಲ್ಲಿ ತೋರಿಸ್ತೀನಿ ನನ್ನ ಕೈಗುಣ ಅಂದ್ಕೊಂಡೆ.

ಮಾರನೇ ದಿನ ಊರಿಂದ ಬಂದ ಗಾಡಿಯಲ್ಲಿ ಎರಡು ಚೀಲ ತರಿಸಿದೆ. ಒಂದು ಕೆಮ್ಮಣ್ಣು, ಒಂದು ಕೊಟ್ಟಿಗೆ ಗೊಬ್ಬರ. ನಲವತ್ತೊಂದನ್ನ ಕಿತ್ತು, ಆ ತೊಗಟೆ ಗಿಗಟೆ ಎಲ್ಲ ಒದರಿ, ಮಣ್ಣು ಗೊಬ್ಬರ ಕಲಸಿ ತುಂಬಿ, ಹೆಬ್ಬೆರಳಲ್ಲಿ ಒತ್ತಿ ಒತ್ತಿ ಬಿಗಿ ಮಾಡಿದೆ. ಒಂದು ಲೋಟ ಅಲ್ಲ, ಒಂದು ಚೊಂಬು ನೀರು ಹಾಕಿದೆ. ಇನ್ನೂ ಎಂಟು ಕುಂಡಕ್ಕೆ ಹಾಗೇ ಮಾಡಿದೆ. ಮಣ್ಣು ಮುಗೀತು, ಇಲ್ಲಾಂದ್ರೆ ನೂರಾ ಹದಿನೆಂಟೂ ಮುಗೀತಿತ್ತು.

ಚಿನ್ಮಯಿ — ತಲೆ ಎತ್ತು ಮಗಳೇ. ಆ ಎಂಟು ಗಿಡ ಚಳಿಗೆ ಹೋಯ್ತು ಅಂತ ನಿನಗೆ ಹೇಳಿದ್ದೆನಲ್ಲ. ಚಳಿಗಲ್ಲ. ನನಗೆ.

ಮೂರನೇ ದಿನ ಆಸ್ಪತ್ರೆಗೆ ಹೋದೆ. ನಾಲ್ಕು ಗಂಟೆಯಿಂದ ಆರರವರೆಗೆ ಒಳಗೆ ಬಿಡ್ತಾರೆ. ಸಾರ್ ಮೂಗಿಗೆ ಆಕ್ಸಿಜನ್ ನಳಿಗೆ. ನನ್ನ ನೋಡಿ ಕೈ ಚಾಚಿದ್ರು. "ಕೊಡಯ್ಯ, ನಿನ್ನ ಕೈಗುಣ ನೋಡೋಣ" ಅಂದ್ರು. ನನ್ನ ಬಲಗೈ ತಗೊಂಡು, ಮೇಲೆ ಕೆಳಗೆ ತಿರುಗಿಸಿ, ಒಂದೊಂದೇ ಬೆರಳು ನೋಡಿದ್ರು. ಇಪ್ಪತ್ತೇಳು ವರ್ಷದಲ್ಲಿ ನನ್ನ ಕೈ ಹಿಡಿದೋರಲ್ಲ. ನನಗೆ ಕಣ್ಣು ತುಂಬಿ ಬಂತು. ಕಾಯಿಲೆ ಮನುಷ್ಯನನ್ನ ಎಷ್ಟು ಮೆತ್ತಗೆ ಮಾಡುತ್ತೆ ಅಂದ್ಕೊಂಡೆ.

"ನಲವತ್ತೊಂದು ಹೇಗಿದೆ?"

"ಎದ್ದು ನಿಂತಿದೆ ಸಾರ್, ಸಿಪಾಯಿ ಥರ."

"ಇನ್ನೇನಾದ್ರೂ ಇದೆಯಾ?"

"ಏನಿಲ್ಲ ಸಾರ್. ಫಸ್ಟ್ ಕ್ಲಾಸ್."

ಅವತ್ತು ಅದು ಸುಳ್ಳಲ್ಲ. ಅವತ್ತಿಗೆ ನನಗೇ ಗೊತ್ತಿರಲಿಲ್ಲ.

ಏಳನೇ ದಿನ ಕೆಳಗಿನ ಎಲೆ ಹಳದಿ ಆಯ್ತು. ನೀರು ಕಮ್ಮಿ ಆಗಿದೆ ಅಂತ ಇನ್ನೊಂದು ಚೊಂಬು ಹಾಕಿದೆ. ಹತ್ತನೇ ದಿನ ಗಿಡ ಮುಟ್ಟಿದ್ರೆ ಎಲೆ ಕೈಗೆ ಬಂತು. ಕಿತ್ತು ನೋಡಿದೆ. ಬೇರು ಬೇರಲ್ಲ, ನೆನೆದ ದಾರ. ಕೊಳೆತ ನಾತ. ನಾನು ಟ್ಯಾಗ್ ಮಾತ್ರ ಬಿಚ್ಚಿ ಇಟ್ಕೊಂಡು, ಗಿಡವನ್ನ ಪೇಪರಲ್ಲಿ ಸುತ್ತಿ, ಬೆಳಗ್ಗೆ ಬರೋ ಕಸದ ಗಾಡಿಗೆ ಹಾಕಿದೆ. ಹಸಿ ಕಸ. ಆಮೇಲೆ ಆಸ್ಪತ್ರೆಗೆ ಹೋದೆ.

"ನಲವತ್ತೊಂದು?"

"ಹೊಸ ಎಲೆ ಬಿಡೋ ಹಾಗಿದೆ ಸಾರ್."

"ಇನ್ನೇನಾದ್ರೂ ಇದೆಯಾ?"

"ಏನಿಲ್ಲ ಸಾರ್."

ಫಸ್ಟ್ ಕ್ಲಾಸ್ ಅನ್ನೋಕೆ ಬಾಯಿ ಬರಲಿಲ್ಲ. ಇದೇ ಕೆಸುವಿನ ವಂಶ ನನ್ನ ಬಾಯಿ ಮುಚ್ಚಿಸಿದ್ದು ಅದು ಎರಡನೇ ಸಲ.

"ಫೋಟೋ ತಗೊಂಡು ಬಾ" ಅಂದ್ರು.

ಶಿವಾಜಿನಗರಕ್ಕೆ ಓಡಿದೆ. ಮುದಸ್ಸಿರ್ ಭಾಯ್ ಹತ್ರ ಎಲ್ಲ ಹೇಳಿದೆ. ಭಾಯ್ ಬೈಯಲಿಲ್ಲ. ಒಂದೇ ಕೇಳಿದ್ರು — "ದಂಟು ಎಲ್ಲಿ? ಬೆರಳುದ್ದ ಗಟ್ಟಿ ದಂಟು ಇದ್ರೂ ಬದುಕಿಸಬಹುದು, ತಂದಿದೀಯಾ?" ಕಸದ ಗಾಡಿ ಅಂದೆ. ಭಾಯ್ ಆ ಕಡೆ ತಿರುಗಿ ಕೂತ್ರು. ಆಮೇಲೆ ಅವರೇ ಬಿಡಿಸಿ ಹೇಳಿದ್ರು. ಈ ಗಿಡಗಳು ಕಾಡಲ್ಲಿ ಮರದ ಮೈ ಹಿಡ್ಕೊಂಡು ಬೆಳೆಯೋವಂತೆ. ಬೇರು ಗಾಳಿಯಲ್ಲೇ ಇರ್ಬೇಕು. ಬಿಗಿ ಮಣ್ಣಲ್ಲಿ ನೀರು ನಿಂತ್ರೆ ಬೇರಿಗೆ ಉಸಿರು ಕಟ್ಟುತ್ತಂತೆ. ಅಲ್ಲಿ ಅವರು ಉಸಿರಿಗೆ ಒದ್ದಾಡ್ತಿದ್ದಾಗ, ಇಲ್ಲಿ ನಾನು ಹೆಬ್ಬೆರಳಲ್ಲಿ ಒತ್ತಿ ಒತ್ತಿ —

ಒಂದು ನಿಮಿಷ. ನೀರು ಕೊಡಿ.

ನಲವತ್ತೆರಡನ್ನ ಕೊಡಿ ಭಾಯ್ ಅಂತ ಬೇಡಿಕೊಂಡೆ. "ಅಣ್ಣನ ಜಾಗದಲ್ಲಿ ತಮ್ಮನ್ನ ನಿಲ್ಲಿಸ್ತೀಯಾ? ನಕ್ಕೋ ಭಾಯ್, ಝೂಟ್ ನಕ್ಕೋ, ಸುಳ್ಳು ಬೇಡ. ಸಾಬ್‌ಗೆ ಹೇಳಿಬಿಡು, ಬೈತಾರೆ ಅಷ್ಟೇ" ಅಂದ್ರು. ನಾನು ಕೇಳಲಿಲ್ಲ. ಈ ಸ್ಥಿತಿಯಲ್ಲಿ ಹೇಳಿದ್ರೆ ಸಾರ್ ಜೀವಕ್ಕೇ ಆಪತ್ತು ಅಂದೆ. ಅದೂ ಸುಳ್ಳು. ಆಪತ್ತು ಇದ್ದಿದ್ದು ನನ್ನ ಕೈಗುಣಕ್ಕೆ. ಆ ಮನುಷ್ಯ ಎದ್ದು ಹೋಗಿ, ತಾನು ನಾಲ್ಕು ವರ್ಷ ಸಾಕಿದ ಗಿಡವನ್ನ ತಂದು ನನ್ನ ಕೈಗಿಟ್ರು. ಅವರದ್ದು ಇದರಲ್ಲಿ ತಪ್ಪಿಲ್ಲ. ಯಾರೂ ಹಿಂದೆ ತಿರುಗಿ ಅವರನ್ನ ನೋಡ್ಬೇಡಿ. ನನ್ನ ನೋಡಿ.

ಫೋಟೋ ಪಕ್ಕದಲ್ಲಿರೋದು ನಲವತ್ತೊಂದಲ್ಲ, ಅದರ ಟ್ಯಾಗ್ ನಾನು ಕಟ್ಟಿದ ನಲವತ್ತೆರಡು. ನೀವು ನಮಸ್ಕಾರ ಮಾಡಿದ್ದು ನನ್ನ ಸುಳ್ಳಿಗೆ.

ಹನ್ನೆರಡನೇ ದಿನ ಫೋಟೋ ತೋರಿಸಿದೆ. ಗಿಡಕ್ಕೆ ನಿಜವಾಗಲೂ ಒಂದು ಎಳೇ ಎಲೆ ಬಂದಿತ್ತು, ನನ್ನ ಅದೃಷ್ಟ ಅಂದ್ಕೊಂಡೆ. ಸಾರ್ ಮೊಬೈಲ್ ಹಿಡ್ಕೊಂಡು ಎರಡು ಬೆರಳಲ್ಲಿ ದೊಡ್ಡದು ಮಾಡಿ ತುಂಬ ಹೊತ್ತು ನೋಡಿದ್ರು. "ಎಲೆ ಚೆನ್ನಾಗಿದೆ" ಅಂದ್ರು. ಮೊಬೈಲ್ ವಾಪಸ್ ಕೊಟ್ರು. "ಇನ್ನೇನಾದ್ರೂ ಇದೆಯಾ, ಭೀಮೇಶ್?" ಏನಿಲ್ಲ ಸಾರ್.

ಹದಿಮೂರನೇ ದಿನ ಕೇಳಿದ್ರು. ಹದಿನಾಲ್ಕನೇ ದಿನ ಕೇಳಿದ್ರು. ಹದಿನೇಳನೇ ದಿನ ಮಾತು ಬರ್ತಿರಲಿಲ್ಲ, ಮುಖಕ್ಕೆ ಮಾಸ್ಕ್ ಹಾಕಿದ್ರು. ಹುಬ್ಬು ಎತ್ತಿದ್ರು, ಅಷ್ಟೇ. ನನಗೆ ಅರ್ಥ ಆಯ್ತು. ತಲೆ ಆಡಿಸಿದೆ, ಏನಿಲ್ಲ ಅಂತ. ಹತ್ತೊಂಬತ್ತನೇ ದಿನ ನಾನು ಹೋಗೋಷ್ಟರಲ್ಲಿ ಹಾಸಿಗೆ ಖಾಲಿ.

ನಿನ್ನೆ ಅನಸೂಯಮ್ಮ ಕರೆದು ಒಂದು ಕವರ್ ಕೊಟ್ರು. "ಆಸ್ಪತ್ರೆ ಬ್ಯಾಗಲ್ಲಿತ್ತು, ನಿಮ್ಮ ಹೆಸರಿದೆ, ನಾನು ತೆಗೆದಿಲ್ಲ" ಅಂದ್ರು. ತೆಗೆದೆ. ಇದೇ ನೋಡಿ. ಹಳೇ ಕನ್ಸೆಷನ್ ಫಾರಂ. ರದ್ದಾಗಿದ್ದ ಒಂದು ಪ್ಯಾಡನ್ನ ಸಾರ್ ಗಿಡದ ವಿವರ ಬರೆಯೋಕೆ ಇಟ್ಕೊಂಡಿದ್ರು. ಅದರ ಒಂದು ಹಾಳೆ. ಸಾರ್ ಅಕ್ಷರ ಸೊಟ್ಟ ಆಗಿದೆ, ಆದ್ರೂ ಓದೋಕೆ ಆಗುತ್ತೆ. ಓದ್ತೀನಿ.

"ಪಾರ್ಟ್ ನಂಬರ್: ನಲವತ್ತೊಂದು. ಮೂರನೇ ದಿನ: ಫಿಟ್ಟರ್ ಉಗುರಿನಲ್ಲಿ ಕೆಮ್ಮಣ್ಣು."

ಕೇಳಿಸ್ತಾ? ಮೂರನೇ ದಿನ. ನನ್ನ ಕೈ ಹಿಡಿದಿದ್ದು ಪ್ರೀತಿಗಲ್ಲ. ಇನ್ಸ್‌ಪೆಕ್ಷನ್ನಿಗೆ. ಮಣ್ಣೇ ಇಲ್ಲದ ಟೆರೇಸಿಂದ ಬಂದವನ ಉಗುರಲ್ಲಿ ಮಣ್ಣು.

"ಹನ್ನೆರಡನೇ ದಿನ: ಎಳೇ ಎಲೆಯ ಬಣ್ಣ. ಇರಬೇಕಾದ್ದು — ತಾಮ್ರ. ಇರುವುದು — ಹಸಿರು. ಇದು ನಲವತ್ತೆರಡು."

ಅಣ್ಣನ ಚಿಗುರು ತಾಮ್ರದ ಬಣ್ಣ, ತಮ್ಮನದು ಹಸಿರು. ಅಷ್ಟು ವರ್ಷ ಆ ಟೆರೇಸಲ್ಲಿ ಓಡಾ‍ಡಿದ ನನಗೆ ಅದು ಗೊತ್ತೇ ಇರಲಿಲ್ಲ.

ಹಿಂದೆ ತಿರುಗಿಸಿದ್ರೆ, ನನಗೇ ಬರೆದಿದ್ದಾರೆ. ಮೂರನೇ ದಿನದ ತಾರೀಖು. "ಮಣ್ಣಿಂದ ತಕ್ಷಣ ತೆಗೆ. ಬೇರು ತೊಳೆ. ಕೊಳೆತದ್ದು ಕತ್ತರಿಸು. ಬೇರು ಪೂರ್ತಿ ಹೋದರೂ ದಂಟು ಎಸೆಯಬೇಡ."

ಎಸೆಯಬೇಡ.

ಇದನ್ನ ಓದಿ ನನಗೆ ಮೊದಲು ಬಂದಿದ್ದು ಅಳು ಅಲ್ಲ. ಕೋಪ. ದೊಡ್ಡವರ ಫೋಟೋ ಮುಂದೆ ನಿಂತು ಹೇಳ್ತಿದೀನಿ, ತಪ್ಪಾದ್ರೆ ಕ್ಷಮಿಸಿ. ಗೊತ್ತಿತ್ತಲ್ಲ ಸಾರ್! ಬರೆದೂ ಇಟ್ಟಿದ್ರಲ್ಲ! ಆ ಕಾಗದ ದಿಂಬಿನ ಪಕ್ಕದಲ್ಲೇ ಇತ್ತಲ್ಲ! ನಿಮ್ಮ ಮಗುವೇ ಸಾಯ್ತಿತ್ತಲ್ಲ, ಒಂದು ಮಾತು, "ಲೋ ಭೀಮೇಶ, ಮಣ್ಣು ತೆಗಿಯೋ" ಅಂತ ಒಂದೇ ಒಂದು ಮಾತು ಬಿಟ್ಟಿದ್ರೆ ನಿಮ್ಮ ರೂಲು ಏನಾಗ್ತಿತ್ತು?

ಅನಸೂಯಮ್ಮನ್ನ ಕೇಳಿದೆ. ಆ ತಾಯಿಗೂ ಆಗ ಪೂರ್ತಿ ಅರ್ಥ ಆಗಿರಲಿಲ್ಲವಂತೆ. ಒಂದು ಸಂಜೆ ನಾನು ಎದ್ದು ಹೋದ ಮೇಲೆ ಸಾರ್ ಬಾಗಿಲ ಕಡೆನೇ ನೋಡ್ತಾ ಹೇಳಿದ್ರಂತೆ — "ನಾನು ಹೇಳಿದ್ರೆ ಅದು ಬೈಗಳ ಆಗುತ್ತೆ. ಅವನೇ ಹೇಳ್ಲಿ, ಬರೆದುಕೊಡೋಣ. ನಾಳೆ ಹೇಳ್ತಾನೆ."

ನಾಳೆ ಹೇಳ್ತಾನೆ. ಅಷ್ಟು ನಂಬಿಕೆ. ಕೂದಲೆಳೆಯಷ್ಟು ತಪ್ಪನ್ನ ಉಗುರಲ್ಲಿ ಹಿಡಿದ ಮನುಷ್ಯ, ನನ್ನ ವಿಷಯದಲ್ಲಿ ಮಾತ್ರ ಅಳತೆ ತಪ್ಪಿದ್ರು. ಅವರ ಹಠ ಒಂದು ಕಡೆ, ನನ್ನ ಜಂಬ ಒಂದು ಕಡೆ. ನಡುವೆ ಆ ಗಿಡ.

ಫಾರಂ ಕೊನೆಯಲ್ಲಿ ಎರಡು ಗೆರೆ ಖಾಲಿ ಇದೆ. "ದೋಷ ತಿಳಿಸಿದವರು" ಅಂತ ಒಂದು. "ಇನ್ಸ್‌ಪೆಕ್ಟರ್ ಸಹಿ" ಅಂತ ಇನ್ನೊಂದು. ಮೊದಲನೇದು ತುಂಬದೆ ಎರಡನೇದು ಹಾಕೋ ಹಾಗಿಲ್ಲ. ಅದಕ್ಕೇ ಅವರು ಹಾಕಿಲ್ಲ.

ಯಾರ ಹತ್ರಾದ್ರೂ ಪೆನ್ನಿದೆಯಾ? ಪೆನ್ಸಿಲ್ ಬೇಡ, ಸಾರ್ ಪೆನ್ಸಿಲ್ ಒಪ್ಪಲ್ಲ. ಕೊಡು ಚಿನ್ಮಯಿ. ಬರೆಯೋವರೆಗೂ ಮೈಕ್ ಸ್ವಲ್ಪ ಹಿಡ್ಕೋ.

ದೋಷ ತಿಳಿಸಿದವರು — ಭೀಮೇಶ್. ಫಿಟ್ಟರ್. ತಾರೀಖು ಇವತ್ತಿನದೇ ಹಾಕ್ತೀನಿ. ಹಿಂದಿನ ತಾರೀಖು ಹಾಕಲ್ಲ.

ಈ ಟ್ಯಾಗನ್ನೂ ಬಿಚ್ತೀನಿ. ಇಗೋ. ಈ ಗಿಡದ ನಂಬರ್ ನಲವತ್ತೆರಡು, ಮುದಸ್ಸಿರ್ ಭಾಯ್‌ದು, ಇವತ್ತೇ ಅವರ ಜೊತೆ ವಾಪಸ್ ಹೋಗುತ್ತೆ. ಟೆರೇಸ್ ಬೀಗದ ಕೈ ಇಲ್ಲಿ ಫೋಟೋ ಮುಂದೆ ಇಟ್ಟಿದೀನಿ. ಉಳಿದಿರೋ ಗಿಡಗಳನ್ನ ಯಾರಿಗೆ ಕೊಡ್ಬೇಕು ಅಂತ ಅನಸೂಯಮ್ಮ, ಚಿನ್ಮಯಿ ಯೋಚನೆ ಮಾಡ್ಲಿ. ನನಗೆ ಕೊಡ್ಬೇಡಿ. ಬೈಬೇಕು ಅಂದ್ರೆ ಬೈರಿ, ಹೊರಗೆ ನಿಂತಿರ್ತೀನಿ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಆಗದವರು ಕೂತೇ ಇರಿ, ಪರವಾಗಿಲ್ಲ. ಎರಡು ನಿಮಿಷ ಯಾರೂ ಮಾತಾಡ್ಬೇಡಿ. ಮೊಬೈಲ್ ಆಫ್ ಮಾಡಿ. ಫೋಟೋ ನೋಡಿ. ಕನ್ನಡಕ ತೆಗೆದಿದ್ದಾರೆ, ಗಮನಿಸಿದ್ರಾ? ಕನ್ನಡಕ ತೆಗೆದ ಮೇಲೆ ಅವರು ಕೇಳ್ತಿದ್ದಿದ್ದು ಒಂದೇ ಪ್ರಶ್ನೆ.

ಇದೆ ಸಾರ್. ಇತ್ತು ಸಾರ್. ಇಟ್ಟಿದೀನಿ ಟೇಬಲ್ ಮೇಲೆ.

ಸ್ಟ್ಯಾಂಪ್ ಬೀಳೋ ಶಬ್ದ ಕೇಳಿಸಲ್ಲ ಅಂತ ನನಗೆ ಗೊತ್ತು. ಆದ್ರೂ ಜಾಬ್ ಇಟ್ಟು ಸುಮ್ಮನೆ ಕಾಯೋದು ನನಗೆ ಇಪ್ಪತ್ತೇಳು ವರ್ಷದ ಅಭ್ಯಾಸ. ಎರಡು ನಿಮಿಷ ನೀವೂ ನನ್ನ ಜೊತೆ ಕಾಯಿರಿ.

ಎದ್ದೇಳಿ.